ರೇಸಿನ ಕುದುರೆಯೂ ರೇಶನ್ ಪುಸ್ತಕವೂ

ಊರು ಬಿಟ್ಟವರು ಊರಿನ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು ಸಾಮಾನಿನ ದಾರಿ: ಅಜ್ಜಿಯ ತಾಮ್ರದ ಹಂಡೆ, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ, ಹಿತ್ತಲಿನ ಒರಳು. ಇನ್ನೊಂದು ಜಾತ್ರೆಯ ದಾರಿ: ತೇರು, ಕುಸ್ತಿ, ಕಂಬಳ, ಕುದುರೆಗಾಡಿಯ ಶರ್ಯತ್ತು. ಮೂವತ್ತು ವರ್ಷದಿಂದ ಪುಣೆಯಲ್ಲಿದ್ದು, ಹೊರನಾಡ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನು ತಪ್ಪದೆ ಓದುತ್ತ ಬಂದ ನನಗೆ ಈ ಎರಡೂ ದಾರಿಗಳ ಪ್ರತಿಯೊಂದು ತಿರುವೂ ಗೊತ್ತು. ಆದರೆ ಇವು ಏನನ್ನು ಬಿಟ್ಟು ಮುಂದೆ ಹೋಗುತ್ತವೆ ಎಂಬುದು ಮನಸ್ಸಿಗೆ ನಾಟಿದ್ದು 1944ರ ಎರಡು ಅಮೆರಿಕನ್ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿದಾಗ. ಮೊದಲನೆಯದು 'ಹೋಮ್ ಇನ್ ಇಂಡಿಯಾನಾ', ಎರಡನೆಯದು 'ಸಿನ್ಸ್ ಯೂ ವೆಂಟ್ ಅವೇ'. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, ಒಂದೇ ವರ್ಷ ಎರಡೂ ತೆರೆಗೆ ಬಂದವು. ಒಂದರಲ್ಲಿ ಸಣ್ಣ ಊರಿನ ಕುದುರೆ ರೇಸು, ಇನ್ನೊಂದರಲ್ಲಿ ಮನೆಯ ಸಾಮಾನು. ಎರಡನ್ನೂ ಕಟ್ಟಿದ್ದು ಮನೆಯಿಂದ ದೂರ ಇದ್ದವರ ಹಸಿವಿಗಾಗಿ. ಹಾಗಾಗಿ ಇವು ನಮ್ಮ ಜಾತಿಯವೇ ಅಂತ ನನ್ನ ಭಾವನೆ.

ಮೊದಲು ಕುದುರೆಯ ಸಿನಿಮಾ. ಹೆನ್ರಿ ಹ್ಯಾಥವೇ ನಿರ್ದೇಶಿಸಿದ ಈ ಟೆಕ್ನಿಕಲರ್ ಚಿತ್ರಕ್ಕೆ ಆಧಾರ, ಜಾರ್ಜ್ ಅಗ್ನ್ಯೂ ಚೇಂಬರ್ಲೇನ್ ಬರೆದ 'ದಿ ಫ್ಯಾಂಟಮ್ ಫಿಲ್ಲಿ' ಕಾದಂಬರಿ. ಸ್ಪಾರ್ಕ್ ಎಂಬ ತಂಟೆಕೋರ ಹುಡುಗನನ್ನು ಇಂಡಿಯಾನಾದ ನೆಂಟರ ಮನೆಗೆ ಕಳಿಸುತ್ತಾರೆ. ಹಿಂದೆ ಹುಡುಗ ಕೈಗೆ ಬರದಿದ್ದರೆ ಮುಂಬಯಿಯ ಮಾಮಾನ ಮನೆಗೋ ಸೋಲಾಪುರದ ಕಾಕಾನ ಅಂಗಡಿಗೋ ನಾವು ಅಟ್ಟುತ್ತಿದ್ದೆವಲ್ಲ, ಹಾಗೇ. ಅಲ್ಲಿನ ಹಿರಿಯ ಥಂಡರ್ ಬೋಲ್ಟ್ ಒಂದು ಕಾಲದಲ್ಲಿ ರೇಸಿನ ಕುದುರೆ ಸಾಕಿ ಹೆಸರು ಮಾಡಿದವನು. ಈಗ ಹೆಚ್ಚೇನೂ ಉಳಿದಿಲ್ಲ. ಹುಡುಗ ಗುಟ್ಟಾಗಿ ಮನೆಯ ಹಳೆಯ ಹೆಣ್ಣುಕುದುರೆಗೆ ನೆರೆಯವನ ಹೆಸರಾಂತ ಗಂಡುಕುದುರೆಯಿಂದ ಮರಿ ಹಾಕಿಸುತ್ತಾನೆ. ಆ ಮರಿಯನ್ನು ಬೆಳೆಸಿ, ಪಳಗಿಸಿ, ರೇಸಿಗೆ ಇಳಿಸುತ್ತಾನೆ. ನಡುವೆ ಇಬ್ಬರು ಹುಡುಗಿಯರ ನಡುವಿನ ಎಳೆದಾಟ. ಹಿರಿಯನ ಪಾತ್ರದಲ್ಲಿ ವಾಲ್ಟರ್ ಬ್ರೆನನ್, ಹುಡುಗನಾಗಿ ಲಾನ್ ಮೆಕ್ಯಾಲಿಸ್ಟರ್, ಗಂಡುಬೀರಿ ಹುಡುಗಿಯಾಗಿ ಜೀನ್ ಕ್ರೇನ್. ಎಡ್ವರ್ಡ್ ಕ್ರೋನ್‌ಜಾಗರ್ ಛಾಯಾಗ್ರಹಣಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ನೋಡಿದರೆ ಸುಮ್ಮನೆ ಸಿಕ್ಕಿದ್ದಲ್ಲ ಅನ್ನಿಸುತ್ತದೆ. ಹಸಿರು ಅಷ್ಟು ಹಸಿರಾಗಿದೆ.

ಇಲ್ಲಿನ ರೇಸು ನಾವು ಪುಣೆಯಲ್ಲೋ ಬೆಂಗಳೂರಿನಲ್ಲೋ ಕಾಣುವಂಥದ್ದಲ್ಲ. ಜಾಕಿ ಕುದುರೆಯ ಬೆನ್ನೇರುವುದಿಲ್ಲ. ಹಿಂದೆ ಕಟ್ಟಿದ ಸಲ್ಕಿ ಎಂಬ ಎರಡು ಗಾಲಿಯ ಹಗುರ ಗಾಡಿಯಲ್ಲಿ ಕೂತು ಲಗಾಮು ಹಿಡಿಯುತ್ತಾನೆ. ಕುದುರೆ ನಾಗಾಲೋಟದಲ್ಲಿ ಓಡಕೂಡದು. ಮುಂದಿನ ಬಲಗಾಲು ಮತ್ತು ಹಿಂದಿನ ಎಡಗಾಲು ಒಟ್ಟಿಗೆ, ಆಮೇಲೆ ಇನ್ನೆರಡು ಒಟ್ಟಿಗೆ, ಹೀಗೆ ಕತ್ತರಿ ಹಾಕಿದಂತೆ ಹೆಜ್ಜೆ ಹಾಕಬೇಕು. ಇದು ಟ್ರಾಟ್. ಇಲ್ಲಿ ಮರಾಠಿಯಲ್ಲಿ ಇದಕ್ಕೆ ದುಡಕಿ ಅನ್ನುತ್ತಾರೆ. ನಾನೂ ಆ ಮಾತನ್ನೇ ಎರವಲು ಪಡೆಯುತ್ತೇನೆ. ಒಂದು ಪಕ್ಕದ ಎರಡೂ ಕಾಲು ಒಟ್ಟಿಗೆ ಎತ್ತುವ ಕುದುರೆಗಳು ಬೇರೆ, ಅವು ಪೇಸರ್‌ಗಳು. ಹುರುಪಿಗೆ ಬಂದು ಕುದುರೆ ನಾಗಾಲೋಟಕ್ಕೆ ಬಿದ್ದರೆ ಸವಾರ ಅದನ್ನು ತಡೆದು ಮತ್ತೆ ದುಡಕಿಗೆ ತರಲೇಬೇಕು. ಅಂದರೆ ಈ ಆಟದ ಜೀವ ಇರುವುದು ಬಿಗಿಯಲ್ಲಿ. ಓಡುವ ಶಕ್ತಿಯಿದ್ದೂ ಓಡದಿರುವುದರಲ್ಲಿ.

ಇದು ಸಣ್ಣ ಊರಿನ ಆಟವಾಗಿಯೇ ಬೆಳೆಯಿತು. ರಸ್ತೆಯಲ್ಲಿ ಬಂಡಿ ಎಳೆಯುವ ಕುದುರೆಗಳಿಂದಲೇ ಈ ತಳಿ ಬಂದದ್ದು. ಬೆನ್ನ ಮೇಲೆ ಕೂರಬೇಕಿಲ್ಲವಾದ್ದರಿಂದ ತೂಕದ ಚಿಂತೆ ಕಡಿಮೆ; ಮುದುಕರೂ ಲಗಾಮು ಹಿಡಿಯಬಹುದು. ಸುಗ್ಗಿಯ ಹೊತ್ತಿನ ಕೌಂಟಿ ಜಾತ್ರೆಗಳಲ್ಲಿ ದನ, ಜೋಳ, ಉಪ್ಪಿನಕಾಯಿ, ಹೊಲಿಗೆಯ ಜೊತೆಗೆ ಈ ರೇಸೂ ಇರುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಗೋಶೆನ್ ಎಂಬ ಚಿಕ್ಕ ಊರಿನಲ್ಲಿ 1838ರ ಟ್ರ್ಯಾಕ್ ಇದೆ. ಆ ಊರಿನ ಹತ್ತಿರವೇ 1849ರಲ್ಲಿ ಹುಟ್ಟಿದ ಹ್ಯಾಂಬಲ್ಟೋನಿಯನ್ ಎಂಬ ಗಂಡುಕುದುರೆಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಮರಿಗಳು. ಇಡೀ ತಳಿಯ ಮೂಲಪುರುಷ ಅದು. ಅದರ ಹೆಸರಿನ ದೊಡ್ಡ ರೇಸು 1930ರಿಂದ ಗೋಶೆನ್ನಿನಲ್ಲೇ ನಡೆಯುತ್ತಿತ್ತು.

ಇನ್ನು ಇಂಡಿಯಾನಾ. 1896ರಲ್ಲಿ ಅಲ್ಲಿನ ಆಕ್ಸ್‌ಫರ್ಡ್ ಎಂಬ ಪುಟ್ಟ ಊರಲ್ಲಿ ಹುಟ್ಟಿದ ಡ್ಯಾನ್ ಪ್ಯಾಚ್ ಎಂಬ ಪೇಸರ್ ಕುದುರೆ ದೇಶವನ್ನೇ ಹುಚ್ಚು ಹಿಡಿಸಿತು. ಅದರ ಹೆಸರಲ್ಲಿ ಸಿಗಾರ್ ಬಂತು, ಒಲೆ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು, ಮಕ್ಕಳ ಹಿಮಗಾಡಿ ಬಂತು. ರೇಸಿನ ಕುದುರೆ ಮತ್ತು ಅಡುಗೆಮನೆಯ ಸಾಮಾನು ಎರಡೂ ಒಂದೇ ಗೋಡೆಯ ಎರಡು ಮಗ್ಗುಲು ಅಂತ ವ್ಯಾಪಾರಿಗಳಿಗೆ ಆಗಲೇ ಗೊತ್ತಿತ್ತು. ಸಿನಿಮಾ ಮಾಡಿದವರಿಗೆ ಅದು ನೆನಪಾಗಲಿಲ್ಲ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಆ ಸಿನಿಮಾ ತೆರೆಕಂಡ ಹೊತ್ತಿಗೆ ಇಂಡಿಯಾನಾದ ನಿಜವಾದ ಅಡುಗೆಮನೆ ಹೇಗಿತ್ತು ನೋಡಿ. 1942ರ ಜನವರಿಯಲ್ಲಿ ಮೊದಲು ರೇಶನ್ ಆದದ್ದು ಟೈರು. ರಬ್ಬರ್ ಬರುವ ಆಗ್ನೇಯ ಏಷ್ಯಾ ಜಪಾನಿನ ಕೈಗೆ ಹೋಗುತ್ತಿತ್ತು. ಫೆಬ್ರವರಿಯಲ್ಲಿ ಮನೆಬಳಕೆಯ ಕಾರುಗಳ ತಯಾರಿಕೆ ನಿಂತಿತು. ಆ ವರ್ಷ ಮುಗಿಯುವುದರೊಳಗೆ ಫ್ರಿಜ್, ವಾಶಿಂಗ್ ಮಶೀನು ಮಾಡುತ್ತಿದ್ದ ಕಾರ್ಖಾನೆಗಳು ಯುದ್ಧದ ಸಾಮಾನಿಗೆ ತಿರುಗಿದವು. ಮೇ ತಿಂಗಳಲ್ಲಿ ಸಕ್ಕರೆಯ ಸರದಿ; ತಲೆಗೆ ವಾರಕ್ಕೆ ಅರ್ಧ ಪೌಂಡು. ರೇಶನ್ ಪುಸ್ತಕ ಹಂಚಲು ಹೆಸರು ಬರೆದುಕೊಂಡವರು ಶಾಲೆಯ ಮೇಷ್ಟ್ರುಗಳು. ನವೆಂಬರ್ ಕೊನೆಗೆ ಕಾಫಿ: ದೊಡ್ಡವರಿಗೆ ಐದು ವಾರಕ್ಕೆ ಒಂದು ಪೌಂಡು. 1943ರಲ್ಲಿ ಚಪ್ಪಲಿ-ಬೂಟು, ಡಬ್ಬಿ ಆಹಾರ, ಮಾಂಸ, ಬೆಣ್ಣೆ, ಚೀಸು. ಡಬ್ಬಿಗೆ ನೀಲಿ ಚೀಟಿ, ಮಾಂಸಕ್ಕೆ ಕೆಂಪು ಚೀಟಿ. ಹುರಿದು ಉಳಿದ ಕೊಬ್ಬನ್ನೂ ಚೆಲ್ಲುವಂತಿಲ್ಲ. ಡಬ್ಬಿಯಲ್ಲಿ ತುಂಬಿ ಮಾಂಸದ ಅಂಗಡಿಗೆ ಕೊಟ್ಟರೆ ಅದರಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು. ಹೆಂಗಸರ ಒಗ್ಗರಣೆ ಸೌಟಿಗೂ ಫಿರಂಗಿಗೂ ಹಾಗೆ ನೇರ ಸಂಬಂಧ.

ನಮ್ಮ ಓದುಗರಿಗೆ ಇದು ಪೂರ್ತಿ ಹೊಸದಲ್ಲ. ಮುಂಬಯಿಗೆ 1943ರಲ್ಲಿ ರೇಶನ್ ಬಂತು. ಅದೇ ವರ್ಷ ಲೋಹ ಉಳಿಸಲು ನಡುವೆ ತೂತಿದ್ದ ಪೈಸೆ ಹೊರಟಿತು. ಆ ತೂತಿನ ಕಾಸು ಈಗಲೂ ಹಲವರ ಮನೆಯ ದೇವರಗೂಡಲ್ಲಿ ಸಿಗಬಹುದು. ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಮೆರಿಕದ ಅರ್ಧ ಪೌಂಡು ಸಕ್ಕರೆಯನ್ನು ಅದರ ಪಕ್ಕದಲ್ಲಿಟ್ಟರೆ ಅದು ಕೊರತೆಯೇ ಅಲ್ಲ ಅನ್ನಿಸಬಹುದು. ನಿಜ. ಆದರೂ ಒಂದು ಮನೆಯ ಬದುಕು ಆ ಚೀಟಿಯ ಸುತ್ತ ತಿರುಗುತ್ತಿದ್ದದ್ದೂ ನಿಜ.

ರೇಸು ಕೂಡ ಈ ಚೀಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ಸಾಮಾನ್ಯ ಕಾರಿಗೆ ವಾರಕ್ಕೆ ಮೂರು-ನಾಲ್ಕು ಗ್ಯಾಲನ್ ಪೆಟ್ರೋಲು. ಪೂರ್ವದ ರಾಜ್ಯಗಳಲ್ಲಿ 1943ರ ಜನವರಿಯಿಂದ ಮೋಜಿಗಾಗಿ ಕಾರು ಓಡಿಸುವುದಕ್ಕೇ ನಿರ್ಬಂಧ. ಗೋಶೆನ್ನಿಗೆ ಜನ ಬರುವುದು ಹೇಗೆ? ಹಾಗಾಗಿ ಆ ವರ್ಷ ಹ್ಯಾಂಬಲ್ಟೋನಿಯನ್ ರೇಸನ್ನು ನ್ಯೂಯಾರ್ಕ್ ನಗರಕ್ಕೆ ಅಂಟಿದ ಯಾಂಕರ್ಸ್‌ನ ಎಂಪೈರ್ ಸಿಟಿ ಟ್ರ್ಯಾಕಿಗೆ ಒಯ್ದರು. ವೋಲೋ ಸಾಂಗ್ ಎಂಬ ಕುದುರೆ ಗೆದ್ದಿತು. ಲಗಾಮು ಹಿಡಿದವರು ಬೆನ್ ವೈಟ್. ಮರುವರ್ಷ ರೇಸು ಊರಿಗೆ ಮರಳಿತು. ಊರಿನ ಜಾತ್ರೆಯೇ ಊರು ಬಿಟ್ಟು ಪಟ್ಟಣಕ್ಕೆ ಹೋಗಬೇಕಾಯಿತು ಅಂದರೆ ಯೋಚಿಸಿ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರಾವಳಿಯ ಕೋಣಗಳು ಓಡಿದ್ದನ್ನು ಟಿವಿಯಲ್ಲಿ ನೋಡುವಾಗ ನನಗೆ ಗೋಶೆನ್ ನೆನಪಾಯಿತು, ಕಾರಣ ಬೇರೆ ಬೇರೆಯಾದರೂ.

ಇನ್ನೊಂದು ಲೆಕ್ಕ ನನಗೆ ತುಂಬ ಹಿಡಿಸಿದ್ದು. ಟೈರು ಸವೆಯದಿರಲಿ ಅಂತ ಯುದ್ಧದ ಕಾಲದಲ್ಲಿ ಕಾರಿನ ವೇಗವನ್ನು ಗಂಟೆಗೆ 35 ಮೈಲಿಗೆ ಕಟ್ಟಿಹಾಕಿದ್ದರು. 1938ರಲ್ಲಿ ಗ್ರೇಹೌಂಡ್ ಎಂಬ ದುಡಕಿ ಕುದುರೆ ಒಂದು ಮೈಲಿಯನ್ನು 1 ನಿಮಿಷ 55¼ ಸೆಕೆಂಡಿನಲ್ಲಿ ಮುಗಿಸಿತ್ತು. ಆ ದಾಖಲೆ 1969ರವರೆಗೂ ಮುರಿಯಲಿಲ್ಲ. ಲೆಕ್ಕ ಹಾಕಿದರೆ ಗಂಟೆಗೆ 31 ಮೈಲಿ ಚಿಲ್ಲರೆ. ಅಂದರೆ ಫೋರ್ಡ್ ಕಾರಿಗೂ ಒಳ್ಳೆಯ ಕುದುರೆಗೂ ವ್ಯತ್ಯಾಸ ನಾಲ್ಕು ಮೈಲಿಗಿಂತ ಕಡಿಮೆ! ಹಾಗಂತ ಕುದುರೆಯೂ ರಬ್ಬರಿನ ಹಂಗಿನಿಂದ ಪೂರ್ತಿ ಬಿಟ್ಟದ್ದಲ್ಲ. 1892ರಲ್ಲಿ ಸಲ್ಕಿಗೆ ಸೈಕಲ್ಲಿನಂಥ ಗಾಳಿ ತುಂಬಿದ ಟೈರು ಹಾಕಿದ ಮೇಲೇ ದಾಖಲೆಗಳು ಸರಸರನೆ ಇಳಿದದ್ದು. ರೇಸಿನ ಟ್ರ್ಯಾಕು ಮತ್ತು ಮನೆಯ ಗರಾಜು ಒಂದೇ ಕೊರತೆಯ ಎರಡು ಅಂಗಳ. ಇಷ್ಟೆಲ್ಲ ಹತ್ತಿರ ಬಿದ್ದಿದ್ದ ಸಂಗತಿಯನ್ನು 'ಹೋಮ್ ಇನ್ ಇಂಡಿಯಾನಾ' ಕೈಗೆತ್ತಿಕೊಳ್ಳಲೇ ಇಲ್ಲ. ಯುದ್ಧ ಈ ಕಥೆಯ ಗತಿಯನ್ನು ಎಲ್ಲಿಯೂ ಬದಲಿಸುವುದಿಲ್ಲ. ಇದಕ್ಕೆ ಪುರಾವೆ ಬೇಕೆಂದರೆ, ಹದಿಮೂರು ವರ್ಷದ ಮೇಲೆ, 1957ರಲ್ಲಿ, ಇದೇ ಕಥೆಯನ್ನು ಕೆಂಟಕಿಗೆ ಒಯ್ದು ಪ್ಯಾಟ್ ಬೂನ್ ಕೈಲಿ ಹಾಡಿಸಿ 'ಏಪ್ರಿಲ್ ಲವ್' ಅಂತ ಮತ್ತೆ ತೆಗೆದರು. ಕಥೆಗೆ ಏನೂ ಊನ ಬರಲಿಲ್ಲ. ಯಾವ ಕಾಲಕ್ಕಾದರೂ ಸಲ್ಲುವ ಊರು ಯಾವ ಕಾಲದ ಊರೂ ಅಲ್ಲ.

ಈಗ ಎರಡನೆಯ ಸಿನಿಮಾ. ಡೇವಿಡ್ ಸೆಲ್ಜ್‌ನಿಕ್ ನಿರ್ಮಿಸಿ ಜಾನ್ ಕ್ರಾಮ್‌ವೆಲ್ ನಿರ್ದೇಶಿಸಿದ 'ಸಿನ್ಸ್ ಯೂ ವೆಂಟ್ ಅವೇ' ಕಪ್ಪು-ಬಿಳುಪು, ಸುಮಾರು ಮೂರು ಗಂಟೆಯದು. ಗಂಡ ಯುದ್ಧಕ್ಕೆ ಹೋಗಿದ್ದಾನೆ. ಫೋಟೋದಲ್ಲಿ ಬಿಟ್ಟು ಬೇರೆಲ್ಲೂ ಅವನು ಕಾಣುವುದಿಲ್ಲ. ಮೊದಲ ನೋಟದಲ್ಲೇ ಕ್ಯಾಮೆರಾ ಮಾತಿಲ್ಲದೆ ಅವನ ಕೋಣೆಯನ್ನು ಸವರಿಕೊಂಡು ಹೋಗುತ್ತದೆ. ಕೂತು ಕೂತು ತಗ್ಗು ಬಿದ್ದ ತೊಗಲಿನ ಕುರ್ಚಿ, ಮಧುಚಂದ್ರದಲ್ಲಿ ಹಿಡಿದ ಮೀನು, ಕಂಚಿಗೆ ಅದ್ದಿಟ್ಟ ಮಕ್ಕಳ ಪುಟ್ಟ ಬೂಟು, ಕಾಯುತ್ತ ಮಲಗಿದ ನಾಯಿ. ಸಾಮಾನಿನಲ್ಲೇ ಒಬ್ಬ ಮನುಷ್ಯನನ್ನು ಹೇಳಿ ಮುಗಿಸುವ ಈ ಎರಡು-ಮೂರು ನಿಮಿಷ ಬಹಳ ಚೆನ್ನಾಗಿದೆ. ನಮ್ಮ ಹೊರನಾಡ ಲೇಖಕರಲ್ಲಿ ಒಳ್ಳೆಯವರು ಹಂಡೆ-ಭರಣಿಗಳಿಂದ ಮಾಡುವ ಕೆಲಸವೇ ಇದು.

ಈ ಸಿನಿಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಮಾನಿಗೆ ಬೆಲೆಯಿದೆ ಅಂತ ಇದಕ್ಕೆ ಗೊತ್ತು. ಗಂಡನ ಸಂಬಳ ಇಳಿದಾಗ ಹೆಂಡತಿ ಆ್ಯನ್ (ಕ್ಲಾಡೆಟ್ ಕೋಲ್ಬರ್ಟ್) ಒಂದು ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳೆ. ಸಿಡುಕು ಸ್ವಭಾವದ ನಿವೃತ್ತ ಕರ್ನಲ್ ಒಬ್ಬರು ಬಂದು ಸೇರುತ್ತಾರೆ. ಕೊರತೆಯ ಕಾಲದಲ್ಲೂ ತನ್ನ ಸುಖ ಬಿಡಲೊಲ್ಲದ ಗೆಳತಿಯೊಬ್ಬಳನ್ನು ಸಿನಿಮಾ ಚೆನ್ನಾಗಿ ಚುಚ್ಚುತ್ತದೆ. ಕೊನೆಗೆ ಆ್ಯನ್ ಬೆಸುಗೆ ಕೆಲಸ ಕಲಿಯಲು ಹೋಗುತ್ತಾಳೆ. ಲೆಕ್ಕ ಇಟ್ಟ ಕಥೆ ಇದು. ಆದ್ದರಿಂದಲೇ ಇಂಡಿಯಾನಾದ ಕಥೆಗಿಂತ ಮೇಲು.

ಆದರೆ ಲೆಕ್ಕ ಪೂರ್ತಿಯಾಗಿಲ್ಲ. ಮನೆಯ ಕೆಲಸದವಳು ಫಿಡೇಲಿಯಾ. ಪಾತ್ರ ಮಾಡಿದವರು ಹ್ಯಾಟಿ ಮೆಕ್‌ಡೇನಿಯಲ್, ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಸಂಬಳ ಕೊಡಲಾಗುವುದಿಲ್ಲ ಅಂತ ಫಿಡೇಲಿಯಾಳನ್ನು ಬಿಡಿಸುತ್ತಾರೆ. ಅವಳು ಬೇರೆ ಮನೆಯಲ್ಲಿ ಕೆಲಸ ಹಿಡಿದು, ಮತ್ತೆ ಇಲ್ಲಿಗೇ ಬಂದು, ತನ್ನ ಹಳೆಯ ಕೋಣೆಯಲ್ಲಿ ಇರಲು ಬಿಟ್ಟರೆ ಉಳಿದ ಹೊತ್ತಿನಲ್ಲಿ ಇಲ್ಲಿನ ಕೆಲಸವನ್ನೂ ಮಾಡಿಕೊಡುತ್ತೇನೆ ಅನ್ನುತ್ತಾಳೆ. ಸಿನಿಮಾ ಇದನ್ನು ಪ್ರೀತಿ ಅಂತ ತೋರಿಸುತ್ತದೆ. ಪ್ರೀತಿ ಇರಬಹುದು. ಆದರೆ ಅವಳ ಕುರ್ಚಿ ಯಾವುದು? ಅವಳ ಗೋಡೆಯ ಮೇಲೆ ಯಾರ ಫೋಟೋ ಇದೆ? ಅವಳ ರೇಶನ್ ಪುಸ್ತಕ ಎಲ್ಲಿ? ಮೊದಲ ನೋಟದಲ್ಲಿ ಅಷ್ಟು ಸಾವಧಾನದಿಂದ ಸಾಮಾನು ತೋರಿಸಿದ ಕ್ಯಾಮೆರಾ ಅಂಥದೇ ಸಾವಧಾನದಿಂದ ಅವಳ ಕೋಣೆಯನ್ನು ಸವರುವುದಿಲ್ಲ. ಇಂಡಿಯಾನಾದ ಸಿನಿಮಾದಲ್ಲೂ ಹೀಗೇ. ಕುದುರೆ ಲಾಯದ ಕಪ್ಪು ಆಳಿನ ಪಾತ್ರ ವಿಲ್ಲೀ ಬೆಸ್ಟ್ ಎಂಬ ಒಳ್ಳೆಯ ನಟನದು. ಕುದುರೆ ಉಜ್ಜುವವನು ಅವನು, ನಗಿಸುವವನು ಅವನು; ಊರು ಮಾತ್ರ ಅವನದಲ್ಲ. ಶೀರ್ಷಿಕೆಯಲ್ಲೇ 'ಹೋಮ್' ಇರುವ ಸಿನಿಮಾದಲ್ಲಿ ಅವನಿಗೊಂದು ಮನೆ ಬೇಕು ಅಂತ ಯಾರಿಗೂ ಹೊಳೆದಿಲ್ಲ.

ಈ ಮಾತನ್ನು ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರ ಹತ್ತಿರ ತೆಗೆದೆ. ಧಾರವಾಡದ ಕಡೆಯವರು, ತೊಂಬತ್ತರ ಹತ್ತಿರ. ತೂತಿನ ಕಾಸು ಕೈಯಲ್ಲಿ ಹಿಡಿದು ಅಂಗಡಿಗೆ ಹೋದವರು. ಎರಡೂ ಸಿನಿಮಾ ನನ್ನ ಜೊತೆ ಕೂತು ನೋಡಿದ್ದರು. ಅವರು ಒಪ್ಪಲಿಲ್ಲ.

"ತಮ್ಮಾ, ಸಿಪಾಯಿಗೆ ಸಕ್ರಿ ಚೀಟಿ ತೋರಿಸಿ ಏನ್ ಮಾಡ್ತಿ? ಅವಗ ಮನಿ ನೆನಪ ಬೇಕಾಗಿತ್ತು. ಮನಿ ಲೆಕ್ಕ ಅಲ್ಲ."

"ಕಾಕಾ, ಲೆಕ್ಕ ಇಲ್ಲದ ಮನಿ ಎಲ್ಲೆರೆ ಇರ್ತದೇನ್ರಿ?"

ಒಳಗಿನಿಂದ ಕಾಕು ಅಂದರು: "ಲೆಕ್ಕ ಇಟ್ಟಾಕಿನ್ನ ಕೇಳ್ರಿ. ಇವರಿಗೆ ಜಾತ್ರಿ ಅಷ್ಟ ನೆನಪದ. ಜಾತ್ರಿ ದಿನ ಹೋಳಿಗಿಗೆ ಬೆಲ್ಲ ಎಲ್ಲಿಂದ ಬಂತು ಅಂತ ಇವರವ್ವಗ ಗೊತ್ತಿತ್ತು."

ಕಾಕಾ ನಕ್ಕುಬಿಟ್ಟರು. ಆದರೂ ಅವರ ಮಾತಿನಲ್ಲಿ ನ್ಯಾಯವಿದೆ, ಅದನ್ನು ಇಲ್ಲಿ ದಾಖಲಿಸಬೇಕು. ಹಾಲಿವುಡ್ಡಿನ ಸಿನಿಮಾಗಳ 16 ಮಿಲಿಮೀಟರ್ ಪ್ರತಿಗಳು ಆಗ ದೂರದ ದಂಡಿನ ಪಾಳೆಯಗಳಿಗೆ ಹೋಗುತ್ತಿದ್ದವು. ಹಗಲೆಲ್ಲ ಕೆಸರು ಕಂಡವನಿಗೆ ರಾತ್ರಿ ಟೆಕ್ನಿಕಲರ್ ಹುಲ್ಲುಗಾವಲು ಬೇಕಿತ್ತು. ಲಾನ್ ಮೆಕ್ಯಾಲಿಸ್ಟರ್ ಹಿಂದಿನ ವರ್ಷವಷ್ಟೇ 'ಸ್ಟೇಜ್ ಡೋರ್ ಕ್ಯಾಂಟೀನ್' ಸಿನಿಮಾದಲ್ಲಿ ಯುದ್ಧಕ್ಕೆ ಹೊರಟ ಹುಡುಗನಾಗಿದ್ದ. ಅದೇ ಮುಖ ಈಗ ಲಾಯದಲ್ಲಿ ಮರಿಕುದುರೆಗೆ ಹುಲ್ಲು ಹಾಕುತ್ತಿರುವುದನ್ನು ಕಂಡಾಗ ನೋಡುಗರಿಗೆ ಏನನ್ನಿಸಿತೋ ಊಹಿಸಬಹುದು. ಹೇಳದೆ ಬಿಟ್ಟ ಯುದ್ಧ ಆ ಮುಖದಲ್ಲೇ ಇತ್ತು. ಆ ಒಂದು ಇರುಳಿನ ಮಟ್ಟಿಗೆ ಸಿನಿಮಾ ತನ್ನ ಕೆಲಸ ಮಾಡಿತು ಅಂತ ಒಪ್ಪೋಣ.

ಒಪ್ಪಲಾಗದ್ದು ಇದು: ಒಂದು ಇರುಳಿಗಾಗಿ ಮಾಡಿದ ಊರು ಆಮೇಲೆ ಎಲ್ಲ ಕಾಲಕ್ಕೂ ನಿಜವಾದ ಊರಾಗಿ ಕೂತುಬಿಡುತ್ತದೆ. ದೂರದಲ್ಲಿದ್ದವನು ತಿರುಗಿ ಬಂದಾಗ ಆ ಊರನ್ನೇ ಹುಡುಕುತ್ತಾನೆ. ಸಿಗದಿದ್ದಾಗ ಊರೇ ಕೆಟ್ಟಿತು ಅನ್ನುತ್ತಾನೆ. ಇದು ನಮ್ಮ ರೋಗವೂ ಹೌದು. "ನಮ್ಮ ಕಾಲದ ಜಾತ್ರೆ ಈಗೆಲ್ಲಿ" ಎಂಬ ಸಾಲು ಇಲ್ಲದ ಸ್ಮರಣ ಸಂಚಿಕೆಯನ್ನು ಯಾರಾದರೂ ತೋರಿಸಿದರೆ ಅವರಿಗೆ ಒಂದು ಪೌಂಡು ಕಾಫಿಪುಡಿ ನನ್ನ ಲೆಕ್ಕದಲ್ಲಿ.

ಈ ಪುಸ್ತಕ ಓದುವ ನೀವು ಕರ್ನಾಟಕದೊಳಗಿನವರು. ಹೊರನಾಡಿನ ಕನ್ನಡಿಗ ಅಂದರೆ ನಿಮ್ಮ ಕಣ್ಣ ಮುಂದೆ ಬರುವುದು ಬ್ಯಾಂಕಿನವನು, ಹೋಟೆಲ್ಲಿನವನು, ಈಚೆಗೆ ಸಾಫ್ಟ್‌ವೇರಿನವನು. ಬರೆಯುವವರು ನಾವೇ ಆದ್ದರಿಂದ ಕಾಣುವವರೂ ನಾವೇ. ಆದರೆ ಸೋಲಾಪುರದ ಮೇಲೆ ಪುಣೆಗೆ ಬರುವ ರೈಲಿನಲ್ಲಿ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಸಂಸಾರಗಳು ಬರುತ್ತವೆ. ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ. ಅವರ ಸಾಮಾನನ್ನು ಸ್ಟೇಷನ್ನಿನಲ್ಲಿ ನೋಡಿದ್ದೇನೆ: ಜೋಳದ ಹಿಟ್ಟಿನ ಚೀಲ, ರೊಟ್ಟಿ ಹಂಚು, ಒಂದು ಪರಾತ, ಪ್ಲಾಸ್ಟಿಕ್ ಕೊಡ, ಮಡಚಿದ ಕೌದಿ. ಇದರಲ್ಲಿ ನೆನಪಿಗಾಗಿ ತಂದದ್ದು ಒಂದೂ ಇಲ್ಲ. ಎಲ್ಲ ನಾಳೆ ಬೆಳಿಗ್ಗೆ ಬೇಕಾದವು. ರೇಶನ್ ಅಂದರೆ ಅವರಿಗೆ 1943ರ ಇತಿಹಾಸವಲ್ಲ. ಊರಿನ ಚೀಟಿಗೆ ಇಲ್ಲಿ ಕಾಳು ಸಿಗಬೇಕು ಅಂತ 'ಒಂದು ದೇಶ ಒಂದು ರೇಶನ್ ಕಾರ್ಡ್' ಬಂದದ್ದು 2019ರಿಂದೀಚೆಗೆ. ನಮ್ಮ ಬಿಲ್ಡಿಂಗಿನ ಪಾತ್ರೆ ತೊಳೆಯುವ ಹೆಣ್ಣುಮಗಳು ಕನ್ನಡದವಳೇ. ನಮ್ಮ ರಾಜ್ಯೋತ್ಸವದ ಊಟದ ದಿನವೂ ಪಾತ್ರೆ ತೊಳೆದವಳು ಅವಳು. ಅವಳ ಜಾತ್ರೆಯ ಬಗ್ಗೆ, ಅವಳ ಹಂಚಿನ ಬಗ್ಗೆ ನಮ್ಮ ಸಂಚಿಕೆಗಳಲ್ಲಿ ಪುಟವಿಲ್ಲ. ಫಿಡೇಲಿಯಾಳನ್ನು ಎಂಬತ್ತು ವರ್ಷದ ಹಿಂದಿನ ಹಾಲಿವುಡ್ ಮರೆಯಿತು ಅಂತ ಬೆರಳು ತೋರಿಸುವ ವಿಮರ್ಶಕ ಅದೇ ಬೆರಳಿನಿಂದ ಇದನ್ನೂ ಎಣಿಸಬೇಕಾಗುತ್ತದೆ.

ಹಾಗಂತ ಜಾತ್ರೆ ಬರೆಯಬೇಡಿ, ಹಂಡೆ ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ದುಡಕಿ ಕುದುರೆಯ ರೇಸಿನಲ್ಲಿ ಒಂದು ಒಳ್ಳೆಯ ಪಾಠವಿದೆ, ಅದನ್ನು ತೋರಿಸಿದ ಸಿನಿಮಾವೇ ಅದನ್ನು ಕಲಿಯಲಿಲ್ಲ. ಹುರುಪಿಗೆ ನಾಗಾಲೋಟಕ್ಕೆ ಬೀಳುವ ಕುದುರೆಯನ್ನು ತಡೆದು ನೆಲದ ಹೆಜ್ಜೆಗೆ ತರಬೇಕು. ನೆನಪೂ ಹಾಗೇ ಹುರುಪಿನ ಪ್ರಾಣಿ. ಅದನ್ನು ಹೆಜ್ಜೆಗೆ ತರುವ ಲಗಾಮು ನಮ್ಮ ಕೈಯಲ್ಲೇ ಇದೆ: ಬೆಲ್ಲ ಎಲ್ಲಿಂದ ಬಂತು, ಎಷ್ಟು ಕೊಟ್ಟರು, ಕುದುರೆ ತಿಕ್ಕಿದವರು ಯಾರು, ಹಂಡೆಗೆ ನೀರು ಹೊತ್ತವರು ಯಾರು ಎಂಬ ನಾಲ್ಕು ಪ್ರಶ್ನೆ. ಇಷ್ಟನ್ನು ಕೇಳಿಸಿಕೊಂಡ ಮೇಲೂ ಉಳಿಯುವ ಊರು ಸ್ವಲ್ಪ ಚಿಕ್ಕದಾಗಿರಬಹುದು, ಅಷ್ಟು ಹಸಿರಾಗಿರಲಿಕ್ಕಿಲ್ಲ. ಆದರೆ ಅಲ್ಲಿಗೆ ಟಿಕೆಟ್ ತೆಗೆಸಿ ಹೋಗಿಬರಬಹುದು.